ಅಜ್ಜನ ಕತ್ತಿ ಕೆಂಪಾಯಿತು, ಲ್ಯಾಬಿಗೆ ಮಾತ್ರ ಬೀಗ

ಮಾನ್ಯ ಸಂಪಾದಕರೇ,

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದೇನೆ. ದಿನಾ ಹಿರಿಯಡ್ಕದಿಂದ ಬಸ್ಸಿನಲ್ಲಿ ಬರುವವಳು. ಬರೆಯಬೇಕೆಂದಿರುವುದು ನಮ್ಮ ಕೆಮಿಸ್ಟ್ರಿ ಲ್ಯಾಬಿನ ಬಗ್ಗೆ. ಆದರೆ ಕತೆ ಶುರುವಾಗುವುದು ಪೆರ್ಡೂರಿನಲ್ಲಿರುವ ಅಜ್ಜನ ತೋಟದಿಂದ.

ಮೇ ಕೊನೆಯ ಭಾನುವಾರ ಅಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಎಂಬ ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರಿ ಮರದ ಬುಡ ತುಂಬುತ್ತದೆ. 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಇಷ್ಟೇ. ಮೈಲುತುತ್ತನ್ನು ಬೇರೆ ಡ್ರಮ್ಮಿನಲ್ಲಿ ಕರಗಿಸಿಟ್ಟು, ಸುಣ್ಣದ ನೀರಿಗೆ ಸ್ವಲ್ಪ ಸ್ವಲ್ಪವೇ ಹೊಯ್ಯುತ್ತಾ ಕೋಲಿನಿಂದ ತಿರುಗಿಸಬೇಕು. ಚಂದದ ಆಕಾಶ ಬಣ್ಣ ಬರುತ್ತದೆ.

ಬಣ್ಣ ಬಂತು. "ಸುಣ್ಣ ಸಾಕಾಯಿತಾ, ಕತ್ತಿ ಅದ್ದಿ ನೋಡು" ಎಂದರು ಅಜ್ಜ. ಕತ್ತಿ ತರಲು ಮನೆವರೆಗೆ ಹೋಗುವ ಉದಾಸೀನ ನನಗೆ. ಸುಣ್ಣ ತೆಗೆಯಲು ತಂದಿದ್ದ ಸ್ಟೀಲ್ ಸೌಟನ್ನೇ ಅದ್ದಿದೆ. ಏನೂ ಆಗಲಿಲ್ಲ. "ಸರಿ ಉಂಟು ಅಜ್ಜ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ತಾವೇ ಹೋಗಿ ಹಳೇ ಕಬ್ಬಿಣದ ಕತ್ತಿ ತಂದು, ಬೂದಿ ಹಾಕಿ ತಿಕ್ಕಿ ಅದ್ದಿದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅಲಗಿನ ಮೇಲೆ ತಾಮ್ರದ ತಂಬಿಗೆಯ ಬಣ್ಣ! ಉಜ್ಜಿದರೆ ಬೆರಳಿಗೆ ಕೆಂಪು ಹುಡಿ ಅಂಟಿತು.

"ನಿನ್ನ ಸೌಟಿಗೆ ಎಂತ ಗೊತ್ತುಂಟು ಮಾರಾಯ್ತಿ" ಎಂದು ಅಜ್ಜ ನಕ್ಕರು. ಇನ್ನಷ್ಟು ಸುಣ್ಣದ ನೀರು ಹೊಯ್ದು ಮತ್ತೆ ಅದ್ದಿದಾಗ ಕತ್ತಿ ಕತ್ತಿಯ ಹಾಗೆಯೇ ಬಂತು. ಪಂಪು ಶುರುವಾದದ್ದು ಅದಾದ ಮೇಲೆ. ನನ್ನ ಮಾತು ನಂಬಿ ಬಿಟ್ಟಿದ್ದರೆ ಎಳೆಕಾಯಿ ಸುಟ್ಟು ಹೋಗುತ್ತಿತ್ತು.

ಮೂರು ವಾರ ಕಳೆದು ಕ್ಲಾಸಿನಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಬಂತು. ಬೋರ್ಡಿನ ಮೇಲೆ ಕಬ್ಬಿಣಕ್ಕೆ ಮೈನಸ್ 0.44 ವೋಲ್ಟ್, ತಾಮ್ರಕ್ಕೆ ಪ್ಲಸ್ 0.34. ಈ ಅಂಕಿ ಕಡಿಮೆ ಇರುವ ಲೋಹ ಕರಗುತ್ತದೆ, ಹೆಚ್ಚಿರುವುದು ಹೊರಬಂದು ಕೂರುತ್ತದೆ. ನನ್ನ ಕಣ್ಣಿಗೆ ಕಂಡದ್ದು ಅಜ್ಜನ ಕತ್ತಿ. ಸುಣ್ಣಕ್ಕೆ ಸಿಗದೆ ನೀರಿನಲ್ಲೇ ಉಳಿದ ತಾಮ್ರ ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟು ಕಬ್ಬಿಣ ನೀರಿಗೆ ಇಳಿಯುತ್ತದೆ. ಸ್ಟೀಲಿನಲ್ಲಿ ಕ್ರೋಮಿಯಂ ಇದೆ. ಅದರ ಆಕ್ಸೈಡಿನ ತೆಳು ಪದರ ಒಳಗಿನ ಕಬ್ಬಿಣವನ್ನು ಮುಚ್ಚಿಕೊಂಡಿರುತ್ತದೆ. ಸೌಟು ಸುಳ್ಳು ಹೇಳಿದ್ದು ಅದಕ್ಕೆ. ಆದರೆ ತೂಕ ಮಾಡಿ ಸಮ ಹಾಕಿದರೂ ಸುಣ್ಣ ಕಡಿಮೆ ಬಿದ್ದದ್ದು ಯಾಕೆ?

ಎದ್ದು ನಿಂತು ಕೇಳಿದೆ. "ಅದೆಲ್ಲ ಸಿಇಟಿಗೆ ಬರುವುದಿಲ್ಲ, ಕೂತ್ಕೊ" ಎಂದರು ಲೆಕ್ಚರರ್. ಅವರನ್ನು ಬೈದು ಪ್ರಯೋಜನ ಇಲ್ಲ. ಕೆಮಿಸ್ಟ್ರಿಗೆ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ನೀಟ್‌ನಲ್ಲಿ 45 ಪ್ರಶ್ನೆ. ಪೋರ್ಷನ್ ಮುಗಿಸುವ ಗಡಿಬಿಡಿ ಅವರಿಗೂ ಇದೆ ಅಲ್ವಾ.

ಉತ್ತರ ಸಿಕ್ಕಿದ್ದು ಅಜ್ಜನ ಕೊಟ್ಟಿಗೆಯಲ್ಲಿ. ಆ ಸುಣ್ಣದ ಚೀಲ ಹೋದ ವರ್ಷ ಬಾಯಿ ಬಿಚ್ಚಿದ್ದು. ಚಿಪ್ಪಿ ಸುಟ್ಟು ಮಾಡಿದ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಹೀರಿ ಮತ್ತೆ ಚಿಪ್ಪಿಯೇ ಆಗುತ್ತದೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಎರಡು ಗ್ಲಾಸು ಇಟ್ಟೆ. ಒಂದರಲ್ಲಿ ಹಳೇ ಸುಣ್ಣ, ಇನ್ನೊಂದರಲ್ಲಿ ಅಂಗಡಿಯಿಂದ ಆಗಷ್ಟೇ ತಂದದ್ದು. ಎರಡಕ್ಕೂ ಲಿಂಬೆರಸ ಹಿಂಡಿದೆ. ಹಳೇದು ಬುಸ್ ಎಂದು ನೊರೆ ಎಬ್ಬಿಸಿತು. ಹೊಸದು ಸುಮ್ನೆ ಕೂತಿತ್ತು.

ಎಷ್ಟು ಪಾಲು ಹಾಳಾಗಿದೆ ಎಂದು ತಿಳಿಯುವ ಆಸೆ ಹುಟ್ಟಿತು. ಒಂದು ಬ್ಯುರೆಟ್ (ಹನಿ ಹನಿಯಾಗಿ ಅಳೆದು ಬಿಡುವ ಗಾಜಿನ ನಳಿಗೆ), ಸ್ವಲ್ಪ ತೆಳು ಹೈಡ್ರೋಕ್ಲೋರಿಕ್ ಆಸಿಡ್, ಆಸಿಡ್ ಸಾಕಾಯಿತೆಂದು ಬಣ್ಣ ಕಳೆದುಕೊಂಡು ತೋರಿಸುವ ಫಿನಾಲ್ಫ್ತಲೀನ್ ಎರಡು ಹನಿ ಸಿಕ್ಕಿದರೆ ಗಂಟೆಯೊಳಗೆ ಸುಮಾರು ಲೆಕ್ಕ ಬರುತ್ತದೆ. ಮೂರೂ ನಮ್ಮ ಲ್ಯಾಬಿನ ಕಪಾಟಿನಲ್ಲೇ ಇವೆ. ಕೇಳಿದ್ದಕ್ಕೆ ಪ್ರಾಕ್ಟಿಕಲ್ ಲಿಸ್ಟಿನಲ್ಲಿ ಇಲ್ಲ ಎಂದರು. ನಮ್ಮ ಬ್ಯಾಚಿನ ಹೊತ್ತು ಬಿಟ್ಟರೆ ಲ್ಯಾಬಿಗೆ ಬೀಗ. ಆ ಹೊತ್ತಿನಲ್ಲಾದರೂ ಏನು ಮಾಡುತ್ತೇವೆ? ಪರ್ಮಾಂಗನೇಟ್ ಟೈಟ್ರೇಷನ್ನಿಗೆ ರೀಡಿಂಗ್ ಎಷ್ಟು ಬರಬೇಕೆಂದು ಮೊದಲೇ ಸೀನಿಯರ್‌ಗಳು ಹೇಳಿರುತ್ತಾರೆ. ಸಾಲ್ಟ್ ಅನಾಲಿಸಿಸ್‌ನಲ್ಲಿ ನೀಲಿ ಪುಡಿ ಕೊಟ್ಟು ಇದೇನು ಕಂಡುಹಿಡಿಯಿರಿ ಎನ್ನುತ್ತಾರೆ. ಅದು ಮೈಲುತುತ್ತು ಎಂದು ಬಾಗಿಲಲ್ಲಿ ನಿಂತೇ ಹೇಳಬಹುದು. ಆದರೂ ರೆಕಾರ್ಡ್ ಪುಸ್ತಕದಲ್ಲಿ ಎರಡು ಪುಟ ಬರೆಯಬೇಕು.

ಈ ಬೋರ್ಡೋ ಹುಟ್ಟಿದ್ದೂ ಲ್ಯಾಬಿನಲ್ಲಿ ಅಲ್ಲವಂತೆ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಇಲ್ಲದ್ದನ್ನು 1882ರಲ್ಲಿ ಗಮನಿಸಿದವರು ಮಿಲಾರ್ಡೆ ಎಂಬ ಪ್ರೊಫೆಸರ್. ಆಮೇಲೆ ಅವರು ಅದನ್ನು ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು.

ನಾನು ಕೇಳುವುದು ದೊಡ್ಡದೇನಲ್ಲ. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಲ್ಯಾಬ್ ತೆರೆದಿಡಿ. ಒಬ್ಬರು ಲೆಕ್ಚರರ್ ಜೊತೆಗಿರಲಿ. ಆಸಿಡ್ ಇರುವ ಕಡೆ ನಮ್ಮನ್ನೇ ಬಿಡಿ ಎಂದು ನಾನೂ ಹೇಳುವುದಿಲ್ಲ. ಮನೆಯಿಂದ ಏನಾದರೂ ತಂದು ಪರೀಕ್ಷೆ ಮಾಡಲು ಬಿಡಿ, ಅದಕ್ಕೆ ಮಾರ್ಕ್ಸ್ ಬೇಡ. ಮಲ್ಪೆಯ ನನ್ನ ಗೆಳತಿಯ ಮನೆ ಬಾವಿ ಏಪ್ರಿಲ್ ಬಂತೆಂದರೆ ಉಪ್ಪಾಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡನ್ನು ಕಂಡುಹಿಡಿಯಲು ಸಿಲ್ವರ್ ನೈಟ್ರೇಟ್ ಹಾಕುವುದು ನಮ್ಮ ಪಾಠದಲ್ಲೇ ಇದೆ. ಅವಳು ಅದನ್ನು ಬಾವಿ ನೀರಿಗೆ ಹಾಕಿ ನೋಡಿಲ್ಲ, ಅಷ್ಟೇ. ಹಾಗೆಯೇ ಪಿಯು ಮಕ್ಕಳಿಗೆ ನವೆಂಬರಿನಲ್ಲಿ ಕೆಮಿಸ್ಟ್ರಿ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆ ನಡೆಯುತ್ತದೆ. ಹೋದ ವರ್ಷ ಅದು ನನಗೆ ಗೊತ್ತಾದದ್ದು ಅರ್ಜಿ ಹಾಕುವ ದಿನ ಮುಗಿದ ಮೇಲೆ. ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ್ದರೂ ಸಾಕಿತ್ತು.

ಈಗ ಎರಡನೇ ಮದ್ದಿನ ಸಮಯ. ಎರಡು ದಿನ ಬಿಸಿಲು ಬಂದರೆ ಅಜ್ಜ ಶುರು ಮಾಡುತ್ತಾರೆ. ಪಿಎಚ್ ಪೇಪರ್ ಅದ್ದಿದರೂ ಸುಣ್ಣ ಸಾಕಾಯಿತೋ ಎಂದು ಬಣ್ಣ ನೋಡಿ ಗೊತ್ತಾಗುತ್ತದೆ ಎಂದು ಅವರಿಗೆ ಹೇಳಿದ್ದೆ. "ಕಾಲೇಜಿಂದ ಎರಡು ತುಂಡು ತಾ, ಕತ್ತಿಯೊಟ್ಟಿಗೆ ಅದನ್ನೂ ಅದ್ದುವ" ಎಂದು ಫೋನ್ ಮಾಡಿದ್ದಾರೆ. ಇನ್ನೂ ಸಿಕ್ಕಿಲ್ಲ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಿರಿಯಡ್ಕ, ಉಡುಪಿ