ಮಗಳಿಗೊಂದು ಪತ್ರ: ಮಾತ್ರೆ ಚೀಟಿ ಕೈಗೆ ಬಂದ ಮೇಲೆ ಇರೋ ಕೆಲಸ

ಪುಟ್ಟಿ,

ನಿನ್ನೆ ಫೋನಲ್ಲಿ ನೀನು ಕೇಳಿದ್ದು ಐದು ನಿಮಿಷದಲ್ಲಿ ಹೇಳಿ ಮುಗಿಸೋ ಅಂಥದ್ದಲ್ಲ, ಅದಕ್ಕೆ ಬರೀತಿದೀನಿ. ಉದ್ದ ಆಗುತ್ತೆ, ಹಾಸ್ಟೆಲಲ್ಲಿ ಊಟ ಆದ್ಮೇಲೆ ನಿಧಾನಕ್ಕೆ ಓದು. ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಓದು ಮುಗೀತಿದ್ದಂಗೆ ಒಂದ್ ಕಡೆ ಬೆಂಗಳೂರಿನ ಕಂಪನೀಲಿ ಎಚ್‌ಆರ್ ಕೆಲಸ, ಇನ್ನೊಂದ್ ಕಡೆ ನಮ್ಮ ಹಳ್ಳಿಗಳಲ್ಲೇ ಮಾನಸಿಕ ಆರೋಗ್ಯದ ಸಂಸ್ಥೆ ಕೆಲಸ. "ಮನೆ ಮನೆ ತಿರುಗಿದ್ರೆ ಏನಾಗುತ್ತಮ್ಮ, ಕೊನೆಗೆ ಗುಣ ಮಾಡೋದು ಡಾಕ್ಟ್ರು ಕೊಡೋ ಮಾತ್ರೆ ತಾನೇ" ಅಂದೆ. ಆಶಾ ಕೆಲಸ ಮಾಡ್ಕಂಡು ನಾನು ಕಣ್ಣಾರೆ ನೋಡಿರೋದನ್ನ ಹೇಳ್ತೀನಿ, ಆಮೇಲೆ ನೀನೇ ತೀರ್ಮಾನ ಮಾಡು.

ಬಾಣಂತಿ ಮನೆಗೆ 3, 7, 14, 21, 28, 42ನೇ ದಿನ ನಾವು ಹೋಗ್ಲೇಬೇಕು ಅನ್ನೋದು ನಿಂಗೆ ಗೊತ್ತಲ್ಲ, ಮಗು ತೂಕ, ಹೊಕ್ಕುಳು, ಜ್ವರ, ಹಾಲು ಕುಡಿತೈತಾ ಅಂತ ನೋಡಿ ಫಾರ್ಮ್ ತುಂಬ್ಕಂಡು ಬರೋದು. ಹಂಗೆ 14ನೇ ದಿನ ಒಂದು ಮನೆಗೆ ಹೋದಾಗ ಆ ಹುಡುಗಿ ಗೋಡೆ ಕಡೆ ಮುಖ ಮಾಡ್ಕಂಡು ಕೂತಿದ್ಲು, ಎದೆ ಬಿಗಿದು ಹಾಲು ಸೋರಿ ನೈಟಿ ಎಲ್ಲ ಒದ್ದೆ, ಪಕ್ಕದಲ್ಲಿ ಮಗು ಕಿರುಚ್ತಿದ್ರೂ ಎತ್ಕಳ್ತಿಲ್ಲ. ನನ್ನ ಕೈ ಹಿಡಿದು ಹತ್ರ ಎಳ್ಕಂಡು "ಅಕ್ಕ, ನನ್ ಹಾಲಿಗೆ ಏನೋ ಹಾಕ್ಯಾರೆ, ಕುಡಿಸಿದ್ರೆ ಕೂಸು ಉಳಿಯಲ್ಲ" ಅಂತ ಕಿವೀಲಿ ಹೇಳಿದ್ಲು. ಅತ್ತೆ ಹೊರಗೆ ನಿಂತು "ಗಾಳಿ ಸೋಕೈತೆ, ಅಮಾಸೆಗೆ ಉಕ್ಕಡಗಾತ್ರಿ ಅಜ್ಜಯ್ಯನ ಗದ್ದಿಗೆಗೆ ಕರ್ಕಂಡು ಹೋಗ್ತೀವಿ" ಅಂದ್ರು. ಅಮಾಸೆಗೆ ಇನ್ನೂ ದಿನ ಇತ್ತು, ಅಲ್ಲೀ ತನಕ ಆ ಮಗು ಗತಿ ಏನು, ಆ ತಾಯಿ ಗತಿ ಏನು.

ನಾನು ಮಾನಸಿಕ ಆರೋಗ್ಯದ ಸಂಸ್ಥೆ ಕಾರ್ಯಕರ್ತೆಗೆ ಫೋನ್ ಮಾಡ್ದೆ, ನಿನಗಿಂತ ನಾಕೈದು ವರ್ಷ ದೊಡ್ಡೋಳಿರಬೇಕು ಅಷ್ಟೇ. ಸಂಜೆ ಒಳಗೆ ಸ್ಕೂಟೀಲಿ ಬಂದ್ಲು. ಬಂದೋಳು ದೆವ್ವ ಇಲ್ಲ ಭೂತ ಇಲ್ಲ ಅಂತ ಒಂದ್ ಮಾತೂ ಆಡ್ಲಿಲ್ಲ ಪುಟ್ಟಿ, ಅತ್ತೆ ಪಕ್ಕ ಜಗಲಿ ಮೇಲೆ ಕೂತು ನೀರು ಇಸ್ಕಂಡು ಕುಡಿದು, "ಅಜ್ಜಯ್ಯನ ಗದ್ದಿಗೆಗೆ ಹೋಗಿಬರ್ರಿ, ಬ್ಯಾಡ ಅನ್ನಲ್ಲ, ಈ ಹುಡುಗಿ ಕಣ್ ಮುಚ್ಚಿ ನಿದ್ದೆ ಮಾಡಿ ಎಷ್ಟ್ ರಾತ್ರಿ ಆತು ಹೇಳ್ರಿ ಅಮ್ಮ" ಅಂತ ಕೇಳಿದ್ಲು. ಆ ಅತ್ತೆ ಬೆರಳು ಮಡಚಿ ಎಣಿಸ್ತಾ ಎಣಿಸ್ತಾ ತಾವೇ ಗಾಬರಿ ಆದ್ರು. ರಾತ್ರಿ ಊಟದ ಹೊತ್ತಿಗೆ ಆಟೋ ಮಾಡಿ ದಾವಣಗೆರೆ ಜಿಲ್ಲಾಸ್ಪತ್ರೆಗೆ ಹೊರಟ್ವಿ, ಅತ್ತೆ ಮಗುನ ಮಡಿಲಲ್ಲಿ ಹಾಕ್ಕಂಡು ಕೂತಿದ್ರು.

ಹೆರಿಗೆ ಆದ್ಮೇಲೆ ಕೆಲವರಿಗೆ ಬರೋ ಸೈಕೋಸಿಸ್ ಅದು, ಇಲ್ಲದ್ದನ್ನ ನಿಜ ಅಂತ ನಂಬಿಸೋ ಮನಸ್ಸಿನ ಕಾಯಿಲೆ, ತಡ ಮಾಡಂಗಿಲ್ಲ, ಬೇಗ ಔಷಧಿ ಶುರುವಾದ್ರೆ ಬಹಳಷ್ಟು ಹೆಣ್ಮಕ್ಕಳು ಚೆನ್ನಾಗಿ ಗುಣ ಆಗ್ತಾರೆ. ನಿಮ್ಹಾನ್ಸಲ್ಲಿ ತಾಯಿ ಮಗುನ ಬೇರೆ ಮಾಡದೆ ಇಬ್ರನ್ನೂ ಒಟ್ಟಿಗೆ ಇಟ್ಕಂಡು ನೋಡೋ ವಾರ್ಡೇ ಐತಂತೆ, ಅಲ್ಲೀ ತನಕ ಹೋಗೋ ಪ್ರಮೇಯ ಇವಳಿಗೆ ಬರ್ಲಿಲ್ಲ. ಈಗ ಆ ಮಗು ಅಂಗನವಾಡಿಗೆ ಹೋಗ್ತೈತೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಗುಣ ಮಾಡಿದ್ದು ಮಾತ್ರೆನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಮಾತ್ರೆ ತಿಂಗಳಾನುಗಟ್ಲೆ ಅವಳ ಹೊಟ್ಟೆಗೆ ಹೋಗೋ ಹಂಗೆ ನೋಡ್ಕಂಡಿದ್ದು ಯಾರು? ಸ್ವಲ್ಪ ಹುಷಾರಾಗ್ತಿದ್ದಂಗೆ ಮನೇಲಿ ಎಲ್ಲರದ್ದೂ ಒಂದೇ ಮಾತು, ಚೆನ್ನಾಗೇ ಇದಾಳಲ್ಲ ಇನ್ಯಾಕೆ ಮಾತ್ರೆ ಅಂತ. ಕೆಲವರಿಗೆ ಕೈ ನಡುಕ ಬರುತ್ತೆ, ಮೈ ಬಿಗಿಯುತ್ತೆ, ಇಡೀ ದಿನ ತೂಕಡಿಕೆ, ಮೈ ದಪ್ಪ ಆಗುತ್ತೆ, ಆಗ "ಮಾತ್ರೆಯಿಂದನೇ ಹಿಂಗಾಗಿದ್ದು" ಅಂತ ಎತ್ತಿ ಬಿಸಾಕ್ತಾರೆ. ಆ ಕಾರ್ಯಕರ್ತೆ ಯಾವ ಮನೆಗೆ ಹೋದ್ರೂ "ಮಾತ್ರೆ ತಗಂಡ್ರಾ" ಅಂತ ಕೇಳೋದೇ ಇಲ್ಲ, ಯಾಕಂದ್ರೆ ಕೇಳಿದ್ರೆ ಎಲ್ಲರೂ ಹ್ಞೂಂ ಅಂತಾರೆ. ಮಳೆ ಬೆಳೆ ಮೆಕ್ಕೆಜೋಳದ ರೇಟು ಅಂತ ಮಾತಾಡ್ತಾ "ಆ ಮಾತ್ರೆ ಶೀಟ್ ಹಿಂಗ್ ಕೊಡ್ರಿ" ಅಂತ ಇಸ್ಕಂಡು ಖಾಲಿ ಗೂಡು ಎಷ್ಟು, ಉಳಿದಿದ್ದು ಎಷ್ಟು ಅಂತ ಹೆಬ್ಬೆರಳಲ್ಲಿ ಸವರ್ತಾ ಎಣಿಸಿಬಿಡ್ತಾಳೆ. ಜಾಸ್ತಿ ಉಳಿದಿದ್ರೆ ಬೈಯಲ್ಲ. ನಿದ್ದೆ ಹೆಂಗೈತೆ, ಊಟ ಸೇರ್ತೈತಾ, ಸ್ನಾನ ಮಾಡ್ತಾರಾ, ಹೊಲಕ್ಕೆ ಹೋಗ್ತಾರಾ ಅಂತ ಒಂದೊಂದೇ ಕೇಳಿ ಬರ್ಕಂಡು ಅಲ್ಲಿಂದಲೇ ಡಾಕ್ಟ್ರಿಗೆ ಫೋನ್ ಹಚ್ತಾಳೆ. ಡೋಸ್ ಕಮ್ಮಿ ಮಾಡೋದೋ ನಡುಕಕ್ಕೆ ಬೇರೆ ಮಾತ್ರೆ ಸೇರಿಸೋದೋ ಡಾಕ್ಟ್ರು ಹೇಳ್ತಾರೆ, ಅವರಿಗೆ ಆ ವಿಷಯ ಮುಟ್ಟಿಸೋರು ಬೇಕಲ್ಲ. ಒಪಿಡೀಲಿ ಒಬ್ಬೊಬ್ರಿಗೆ ಸಿಗೋದೇ ಕೆಲವು ನಿಮಿಷ, ಅಷ್ಟರಲ್ಲಿ ನಮ್ಮ ಜನ ಬಾಯಿ ಬಿಟ್ಟು ಏನು ಹೇಳ್ಯಾರು.

ನಮ್ಮ ತಾಲೂಕಿಗೆ ಈ ಕೆಲಸ ಹೆಂಗೆ ಬಂತು ಅಂತ ಹೇಳ್ತೀನಿ. ದೀಪಿಕಾ ಪಡುಕೋಣೆ 2015ರಲ್ಲಿ ತನಗೆ ಡಿಪ್ರೆಷನ್ ಆಗಿತ್ತು ಅಂತ ಟಿವೀಲಿ ಹೇಳ್ಕಂಡ್ರಲ್ಲ, ಅದನ್ನ ಮೊದಲು ಗುರುತು ಹಿಡಿದಿದ್ದು ಅವರಮ್ಮನಂತೆ, ಆ ಮಾತು ನಂಗೆ ಬಾಳ ಹಿಡಿಸ್ತು. ಅದೇ ವರ್ಷ ಅವರು ಲಿವ್ ಲವ್ ಲಾಫ್ ಅಂತ ಫೌಂಡೇಶನ್ ಶುರು ಮಾಡಿದ್ರು, ಅದರ ಹಳ್ಳಿ ಕಾರ್ಯಕ್ರಮ 2016ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ದಾವಣಗೆರೆ ತಾಲೂಕಲ್ಲಿ, ಊರೂರಲ್ಲಿ ಕೆಲಸ ಮಾಡೋಕೆ ಎಪಿಡಿ ಅನ್ನೋ ಬೆಂಗಳೂರು ಸಂಸ್ಥೆನ ಜೊತೆ ಮಾಡ್ಕಂಡ್ರು. ಎಪಿಡಿ 1959ರಿಂದ ಅಂಗವಿಕಲರ ಕೆಲಸ ಮಾಡ್ಕಂಡು ಬಂದಿರೋದು. ಇವರು ಬೇರೆ ಆಸ್ಪತ್ರೆ ಕಟ್ಲಿಲ್ಲ. ಆಶಾಗಳಿಗೆ ತರಬೇತಿ, ಕಾಯಿಲೆ ಇರೋರನ್ನ ಹುಡುಕೋದು, ಸರ್ಕಾರಿ ಚಿಕಿತ್ಸೆಗೆ ಜೋಡಿಸೋದು, ಮನೆಯೋರ ಗುಂಪು ಮಾಡೋದು, ಹುಷಾರಾದೋರಿಗೆ ದುಡಿಮೆ ದಾರಿ ತೋರಿಸೋದು, ಇಷ್ಟು. ನಂಗೆ ಇದೇ ಸರಿ ಅನ್ಸುತ್ತೆ, ಆಸ್ಪತ್ರೆ ಮತ್ತೆ ಮಾತ್ರೆ ಸರ್ಕಾರದ್ದೇ ಆಗಿರ್ಬೇಕು.

ಇದೇನು ಹೊಸದಲ್ಲ ಅಂತ ಟ್ರೈನಿಂಗಲ್ಲಿ ಹೇಳಿದ್ರು. 1985ರಿಂದ ಐದಾರು ವರ್ಷ ನಿಮ್ಹಾನ್ಸಿನೋರು ಬಳ್ಳಾರಿ ಜಿಲ್ಲೇಲಿ ಪಿಎಚ್‌ಸಿ ಡಾಕ್ಟ್ರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಮನಸ್ಸಿನ ಕಾಯಿಲೆ ಮೂರ್ಛೆರೋಗ ಎಲ್ಲ ಅಲ್ಲೇ ನೋಡೋ ಹಂಗೆ ಮಾಡಿದ್ರಂತೆ. ಆಗ ನಿನ್ನ ಅಜ್ಜಿ ತವರು ಹರಪನಹಳ್ಳಿನೂ ಬಳ್ಳಾರಿ ಜಿಲ್ಲೇನೇ ನೋಡು. ಅದನ್ನೇ ಮಾದರಿ ಇಟ್ಕಂಡು 1996ರಲ್ಲಿ ದೇಶಕ್ಕೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಷ್ಟಾದ್ರೂ 2015-16ರಲ್ಲಿ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಸರ್ವೇಲಿ ಕಂಡಿದ್ದೇನಂದ್ರೆ, ಯಾವ ಕಾಯಿಲೆ ಅನ್ನೋದರ ಮೇಲೆ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆನೇ ಸಿಗ್ತಿಲ್ಲ. ಆ ಜನ ಎಲ್ಲೋ ದೂರ ಇಲ್ಲ ಪುಟ್ಟಿ, ನಮ್ಮ ಬೀದಿ ಹಿತ್ತಲ ಮನೆಗಳಲ್ಲೇ ಇದಾರೆ, ಮದ್ವೆ ಸಂಬಂಧ ತಪ್ಪುತ್ತೆ ಅಂತ ಮುಚ್ಚಿಟ್ಕಂಡಿರ್ತಾರೆ.

ಮನೆಯೋರ ಮೀಟಿಂಗಿಗೆ ನಾನು ಬಿಡದೆ ಹೋಗ್ತೀನಿ. ಸಮುದಾಯ ಭವನದಲ್ಲಿ ಚಾಪೆ ಹಾಕಿ ಕೂತ್ಕಂಡಿರ್ತಾರೆ, ಜಾಸ್ತಿ ತಾಯಂದ್ರೇ. ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಚಾರ್ಜ್ ಉಳಿತು, ಆದ್ರೆ ಕಾಯಿಲೆ ಇರೋ ಮಗನಿಗೆ ಟಿಕೆಟ್ ತಗಬೇಕು, ಆಸ್ಪತ್ರೆಗೆ ಹೋದ ದಿನ ಕೂಲಿ ಹೋಯ್ತು ಅಂತಲೇ ಲೆಕ್ಕ. ಇನ್ನು ಅಂಗವಿಕಲ ಸರ್ಟಿಫಿಕೇಟು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಪಿಂಚಣಿ ಇದಕ್ಕೆ ಅಲೆದಾಟ ಬೇರೆ. ಮಾನಸಿಕ ಕಾಯಿಲೆಗೂ ಸರ್ಟಿಫಿಕೇಟ್ ಸಿಗುತ್ತೆ, ಪಿಂಚಣಿ ಥರ ಸವಲತ್ತಿಗೆ ವೈಕಲ್ಯ ಶೇ. 40ಕ್ಕಿಂತ ಕಮ್ಮಿ ಇರಬಾರದು ಅಷ್ಟೇ, ಅದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೈ ಕಾಲು ಸರಿ ಇರೋ ಮನುಷ್ಯನ್ನ ಕರ್ಕಂಡು ಹೋದ್ರೆ ಕೌಂಟರಲ್ಲಿ ಮೇಲಿಂದ ಕೆಳಗೆ ನೋಡ್ತಾರೆ, ಆಗ ಪಕ್ಕದಲ್ಲಿ ಕಾಗದ ಹಿಡ್ಕಂಡು ಮಾತಾಡೋರು ಒಬ್ರು ನಿಂತ್ರೆ ಆ ತಾಯಿಗೆ ಆನೆ ಬಲ. ಒಬ್ಬ ಅಜ್ಜಿ ಪ್ರತೀ ಮೀಟಿಂಗಲ್ಲೂ ಒಂದೇ ಕೇಳೋದು, ನಾನು ಹೋದ್ಮೇಲೆ ಇವನಿಗೆ ಅನ್ನ ಹಾಕೋರು ಯಾರವ್ವ ಅಂತ. ಅದಕ್ಕೆ ಯಾರ ಹತ್ರನೂ ಪೂರ್ತಿ ಉತ್ತರ ಇಲ್ಲ. ಆದ್ರೂ ಅಜ್ಜಿ ಕೇಳಿದಾಗ ಪಕ್ಕದಲ್ಲಿರೋ ಹೆಂಗಸರು ಮಾತು ತೇಲಿಸಿಬಿಡಲ್ಲ, ಅವರ ಮನೇಲೂ ಅದೇ ಚಿಂತೆ ಇರುತ್ತಲ್ಲ.

ಕಾನೂನೂ ತಿಳ್ಕಂಡಿರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಯಾರನ್ನೂ ಸರಪಳಿ ಹಾಕಿ ಕಟ್ಟೋ ಹಂಗಿಲ್ಲ, ಆತ್ಮಹತ್ಯೆಗೆ ಪ್ರಯತ್ನ ಪಟ್ಟೋರನ್ನ ತೀವ್ರ ಒತ್ತಡದಲ್ಲಿದ್ರು ಅಂತಲೇ ನೋಡ್ಬೇಕು, ಶಿಕ್ಷೆ ಕೊಡಂಗಿಲ್ಲ. ಬೆಳೆ ಹೋಗಿ ಸಾಲ ತಲೆ ಮೇಲೆ ಬಂದ ವರ್ಷ ಈ ಊರುಗಳಲ್ಲಿ ಏನೇನು ಆಗುತ್ತೆ ಅಂತ ನಿಂಗೆ ಹೇಳ್ಬೇಕಾಗಿಲ್ಲ. ಬೆಳೆಗೆ ಹೊಡೆಯೋ ಔಷಧಿ ಕುಡಿದು ಉಳ್ಕಂಡೋನ ಹೆಂಡ್ತಿ ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೇಲಿ ಸುಳ್ಳು ಹೇಳೋದು ನಾನೇ ಕೇಳಿದೀನಿ, ಅಂಥೋರ ಹತ್ರ ಕೂತು ಸಮಾಧಾನವಾಗಿ ಹೇಳೋರು ಬೇಕು.

ಕಷ್ಟನೂ ಹೇಳ್ಬಿಡ್ತೀನಿ. ಸಂಬಳ ಕಂಪನೀದಷ್ಟು ಇರಲ್ಲ. ಯಾವ ಸಂಸ್ಥೆನೇ ಆಗ್ಲಿ ಪ್ರಾಜೆಕ್ಟ್‌ಗೆ ಒಂದು ಅವಧಿ ಅಂತ ಇರುತ್ತೆ, ಕಾಯಿಲೆಗೆ ಅವಧಿ ಇಲ್ಲ. ಸೇರೋ ಮುಂಚೆ ಇಂಟರ್‌ವ್ಯೂನಲ್ಲೇ ಕೇಳು, ದುಡ್ಡು ನಿಂತ್ಮೇಲೆ ಈ ಮನೆಗಳನ್ನ ಯಾರು ನೋಡ್ತಾರೆ, ಆಶಾಗಳಿಗೆ ಪಿಎಚ್‌ಸಿಗೆ ಏನು ವಹಿಸಿ ಹೋಗ್ತೀರಿ ಅಂತ. ಸರಿಯಾದ ಸಂಸ್ಥೆ ಆದ್ರೆ ಅದಕ್ಕೆ ಉತ್ತರ ಇಟ್ಕಂಡಿರುತ್ತೆ. ಇನ್ನೊಂದು, ದಿನಾ ಬೇರೆಯೋರ ದುಃಖ ಕೇಳಿ ಮನೆಗೆ ಬಂದು ಸುಮ್ನೆ ಮಲಗೋ ಕೆಲಸ ಇದಲ್ಲ, ವಾರಕ್ಕೊಮ್ಮೆ ಸೀನಿಯರ್ ಹತ್ರ ಕೂತು ಕೇಸ್ ಮಾತಾಡೋ ವ್ಯವಸ್ಥೆ ಐತಾ ಕೇಳ್ಕ. ನಿಂಗೇ ಮನಸ್ಸಿಗೆ ಭಾರ ಅನ್ಸಿದ್ರೆ ನನ್ನ ಹತ್ರ ಹೇಳು, ನನ್ನ ಹತ್ರ ಹೇಳಕ್ಕಾಗದಿದ್ರೆ 14416ಕ್ಕೆ ಫೋನ್ ಮಾಡು, ಟೆಲಿಮಾನಸ್ ಅಂತ, 2022ರಿಂದ ಐತೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಆ ನಂಬರನ್ನ ನಿನ್ನ ರೂಂಮೇಟ್‌ಗಳಿಗೂ ಕೊಡು.

ನನ್ನ ಆಸೆ ಏನಂತ ನಿಂಗೆ ಗೊತ್ತಾಗಿರುತ್ತೆ, ನೀನು ಈ ಕೆಲಸಕ್ಕೆ ಬಂದ್ರೆ ನಂಗೆ ಹೆಮ್ಮೆ. ದೊಡ್ಡಮ್ಮ "ಹುಚ್ಚರ ಜೊತೆ ಕೆಲಸ ಮಾಡ್ತಾಳಂತೆ" ಅಂತ ಆಡ್ಕಂತಾರೆ, ಅವರಿಗೆ ನಾನು ಉತ್ತರ ಕೊಡ್ತೀನಿ, ನೀನು ತಲೆ ಕೆಡಿಸ್ಕಬ್ಯಾಡ. ಅಪ್ಪಾಜಿ ಏನೂ ಮಾತಾಡ್ಲಿಲ್ಲ, ಬೆಳಿಗ್ಗೆ ನೋಡಿದ್ರೆ ಸ್ಕೂಟಿ ಟೈರ್ ಸವೆದೈತೆ, ಹಳ್ಳಿ ರಸ್ತೆಗೆ ಬದಲಾಯಿಸ್ಬೇಕು ಅಂತಿದ್ರು. ಅರ್ಜಿ ಹಾಕೋದಾದ್ರೆ ಹೇಳು, ಡಿಗ್ರಿ ಮಾರ್ಕ್ಸ್ ಕಾರ್ಡ್ ಬೀರೂಲೈತೆ, ಫೋಟೋ ತೆಗೆದು ಕಳಿಸ್ತೀನಿ.

ಅಮ್ಮ