ಅವರು ಕೈ ಮುಗಿದಿಲ್ಲ, ಕಣ್ಣು ಮುಚ್ಚಿದ್ದಾರೆ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮೇಣದಬತ್ತಿಗಳ ಮುಂದೆ ನಿಂತ ಅಜ್ಜಿಯೊಬ್ಬರ ಚಿತ್ರ ಬಂದಿತ್ತು. ಕೆಳಗೆ ‘ದೀಪಪೂಜೆಯಲ್ಲಿ ಕೈ ಮುಗಿದ ಯಹೂದಿ ಮಹಿಳೆ’ ಎಂದು ಹಾಕಿದ್ದೀರಿ. ಚಿತ್ರವನ್ನು ಇನ್ನೊಮ್ಮೆ ನೋಡಿ. ಅವರು ಕೈ ಮುಗಿದಿಲ್ಲ, ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಿದ್ದಾರೆ. ಅದು ಪೂಜೆಯೂ ಅಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಜೆರುಸಲೇಮಿನ ಕಿರ್ಯಾತ್ ಮೋಶೆಯಲ್ಲಿ ಎಂಟು ವರ್ಷ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ನಮ್ಮ ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಈ ಕೆಲಸಕ್ಕೆ ಇಸ್ರೇಲಿಗೆ ಹೋಗಿದ್ದಾರಲ್ಲ, ಅವರಲ್ಲಿ ನಾನೂ ಒಬ್ಬಳು. ಅಜ್ಜಿಗೆ ಅಲ್ಲಿ ‘ಸವ್ತಾ’ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ.

ಶುಕ್ರವಾರ ಅಂದರೆ ಆ ಮನೆಯಲ್ಲಿ ಬೆಳಿಗ್ಗೆಯಿಂದ ಓಟ. ಸಂಜೆ ಶುರುವಾಗುವ ಶಬ್ಬಾತ್, ಶನಿವಾರ ಕತ್ತಲಾಗುವವರೆಗೆ, ಯಹೂದಿಗಳಿಗೆ ವಾರದ ವಿಶ್ರಾಂತಿಯ ದಿನ. ಆಗ ಅಡುಗೆ ಮಾಡುವಂತಿಲ್ಲ, ಬೆಂಕಿ, ದೀಪ ಹಚ್ಚುವಂತಿಲ್ಲ, ಆರಿಸುವಂತಿಲ್ಲ. ಮರುದಿನದ ಅಡುಗೆಯೂ ಅವತ್ತೇ ಆಗಬೇಕು. ಫ್ರಿಜ್ ಬಾಗಿಲು ತೆಗೆದಾಗ ಬಲ್ಬ್ ಹತ್ತದಂತೆ ಅದರ ಸ್ವಿಚ್ಚಿಗೆ ಟೇಪ್ ಅಂಟಿಸಬೇಕು. ಟಾಯ್ಲೆಟ್ ಪೇಪರನ್ನು ಸಹ ಮೊದಲೇ ಹರಿದಿಡುತ್ತಿದ್ದೆವು, ಯಾಕೆಂದರೆ ಶಬ್ಬಾತ್ ದಿನ ಹರಿಯುವುದೂ ಕೆಲಸವೇ. ಸೂರ್ಯ ಮುಳುಗಲು 40 ನಿಮಿಷ ಇದೆ ಅನ್ನುವಾಗ ದೀಪ ಹಚ್ಚಿ ಅಂತ ಊರಿಗೆಲ್ಲ ಕೇಳುವ ಹಾಗೆ ಸೈರನ್ ಕೂಗುತ್ತದೆ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ 18 ನಿಮಿಷ ಇರುವಾಗ ದೀಪ ಹಚ್ಚುತ್ತಾರೆ. ಜೆರುಸಲೇಮಿನವರಿಗೆ ಅವಸರ ಜಾಸ್ತಿ!

ಸವ್ತಾ ಏಳು ದೀಪ ಹಚ್ಚುತ್ತಿದ್ದರು. ಎರಡು ಬೆಳ್ಳಿ ಕಂಬದಲ್ಲಿ ಮೇಣದಬತ್ತಿ, ಉಳಿದವು ಸಣ್ಣ ಗಾಜಿನ ಲೋಟಗಳಲ್ಲಿ ಆಲಿವ್ ಎಣ್ಣೆ. ಮೊದಲ ಎರಡು, ದೇವರ ಎರಡು ಮಾತಿಗೆ: ಶಬ್ಬಾತ್ ದಿನವನ್ನು ‘ನೆನೆ’, ‘ಕಾಪಾಡು’. ನಾಲ್ಕು, ನಾಲ್ಕು ಮಕ್ಕಳಿಗೆ. ಏಳನೆಯದು, ಯಾವತ್ತೋ ಒಂದು ಶುಕ್ರವಾರ ಹಚ್ಚಲು ಮರೆತದ್ದಕ್ಕೆ. ಒಮ್ಮೆ ಮರೆತರೆ ಜೀವನಪೂರ್ತಿ ಒಂದು ದೀಪ ಹೆಚ್ಚಿಗೆ ಹಚ್ಚುವುದು ಅವರ ಪದ್ಧತಿ. ಯಾಕೆ ಮರೆತಿರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಲ್ಲ ಹಚ್ಚಿದ ಮೇಲೆ ಕೈಯಲ್ಲಿದ್ದ ಕಡ್ಡಿಯನ್ನು ಊದುತ್ತಿರಲಿಲ್ಲ. ಉರಿಯುತ್ತಿದ್ದ ಹಾಗೇ ತಟ್ಟೆಯ ಮೇಲೆ ಇಟ್ಟುಬಿಡುತ್ತಿದ್ದರು. ಆಮೇಲೆ ಬೆಳಕನ್ನು ತಮ್ಮ ಕಡೆ ಬಾಚಿಕೊಳ್ಳುವಂತೆ ಮೂರು ಸಲ ಕೈ ಸುತ್ತಿಸಿ, ಕಣ್ಣು ಮುಚ್ಚಿ, ಮಂತ್ರ ಹೇಳುತ್ತಿದ್ದರು. ಈ ಕಣ್ಣು ಮುಚ್ಚುವುದರ ಹಿಂದೆ ಒಂದು ಜಾಣತನ ಇದೆ. ಅವರಲ್ಲಿ ಇಂಥ ಧರ್ಮದ ಕೆಲಸಕ್ಕೆ ಸಾಮಾನ್ಯವಾಗಿ ಮಂತ್ರ ಮೊದಲು, ಕೆಲಸ ಆಮೇಲೆ. ಆದರೆ ಇಲ್ಲಿ ಮಂತ್ರ ಹೇಳಿದರೆ ಶಬ್ಬಾತ್ ಶುರುವಾದಂತೆ, ಬೆಂಕಿ ಮುಟ್ಟುವಂತಿಲ್ಲ. ಅದಕ್ಕೆ ಮೊದಲು ಹಚ್ಚಿ, ಕಣ್ಣು ಮುಚ್ಚಿ ಮಂತ್ರ ಹೇಳಿ, ಆಮೇಲೆ ಕಣ್ಣು ಬಿಡುವುದು. ಬೆಳಕು ಆಗಷ್ಟೇ ಬಂದ ಹಾಗೆ. ಮಂತ್ರ ಮುಗಿದ ಮೇಲೂ ಸವ್ತಾ ತುಂಬಾ ಹೊತ್ತು ಕೈ ತೆಗೆಯುತ್ತಿರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಮಕ್ಕಳು, ಮೊಮ್ಮಕ್ಕಳು, ಕಾಯಿಲೆ ಬಿದ್ದವರು, ಒಬ್ಬೊಬ್ಬರದೇ ಹೆಸರು.

ಮೊದಲ ಶುಕ್ರವಾರ ನಾನು ಮಾಡಿದ್ದು ಕೇಳಿದರೆ ನಗುತ್ತೀರಿ. ಊಟ ಆಯಿತು, ಸವ್ತಾ ಮಲಗಿದರು. ಕಿಟಕಿಯ ಪರದೆ ಗಾಳಿಗೆ ಹಾರುತ್ತಿತ್ತು. ಬೆಂಕಿ ಹತ್ತಿಕೊಂಡರೆ ಗತಿಯೇನು ಅಂತ ಫೂ ಎಂದು ಊದಿಬಿಟ್ಟೆ, ಏಳನ್ನೂ. ಬೆಳಿಗ್ಗೆ ಕಪ್ಪು ಬತ್ತಿಗಳನ್ನು ನೋಡಿದರೂ ಸವ್ತಾ ಬೈಯಲಿಲ್ಲ. ‘ಈ ನಿಯಮ ನಿನಗಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆದರೂ ಅದರ ಪಾಡಿಗೆ ಮುಗಿಯಲು ಬಿಡಬಹುದಿತ್ತು’ ಅಂದರು. ನಮ್ಮಮ್ಮನೂ ದೀಪ ಆರಿಸು ಅನ್ನುತ್ತಿರಲಿಲ್ಲ, ದೊಡ್ಡದು ಮಾಡು ಅನ್ನುತ್ತಿದ್ದರು. ಊದಿದರೆ ಏಟೇ. ಅಷ್ಟು ಗೊತ್ತಿದ್ದೂ ಊದಿದ್ದೆ.

ಇನ್ನು ಪೂಜೆ ಯಾಕಲ್ಲ ಅನ್ನುವ ವಿಷಯ. ಸವ್ತಾ ಮಗ ಮೇಷ್ಟ್ರು, ಕೇಳಿದರೆ ಸಾಕು, ವಿವರಿಸುತ್ತಿದ್ದರು. ಹನುಕ್ಕಾ ಅಂದರೆ ಒಂದು ದಿನದ ಎಣ್ಣೆ ಎಂಟು ದಿನ ಉರಿದ ಪವಾಡದ ನೆನಪಿನ ಯಹೂದಿ ಹಬ್ಬ. ಆ ಹಬ್ಬದ ದೀಪವನ್ನು ಸುಮ್ನೆ ನೋಡಬೇಕು, ಅದರ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡಬಾರದು. ಶಬ್ಬಾತ್ ದೀಪ ಅದಕ್ಕೆ ತದ್ವಿರುದ್ಧ. ಅದು ಬಳಸಲಿಕ್ಕೇ ಇರುವುದು. ಅದರ ಬೆಳಕಿನಲ್ಲಿ ಉಣ್ಣಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು, ಕತ್ತಲೆಯಲ್ಲಿ ಎಡವಿ ಬಿದ್ದು ಜಗಳ ಆಡಬಾರದು. ಇದಕ್ಕೆ ‘ಶಲೋಮ್ ಬಾಯಿತ್’ ಅನ್ನುತ್ತಾರೆ, ಮನೆಯ ನೆಮ್ಮದಿ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಹನುಕ್ಕಾ ದೀಪ ಬಿಟ್ಟು ಮನೆಯ ದೀಪ ಹಚ್ಚು ಎನ್ನುತ್ತದೆ ಅವರ ಧರ್ಮಗ್ರಂಥ ತಾಲ್ಮುದ್. ಹಬ್ಬದ ಪವಾಡಕ್ಕಿಂತ ಮನೆಯವರ ನೆಮ್ಮದಿ ಮೇಲು! ತಿನ್ನಲು ಗತಿಯಿಲ್ಲದವನೂ ಮನೆ ಮನೆ ಬೇಡಿಯಾದರೂ ಎಣ್ಣೆ ತಂದು ದೀಪ ಹಚ್ಚಬೇಕು ಎಂದು 12ನೇ ಶತಮಾನದಲ್ಲಿ ಯಹೂದಿ ಪಂಡಿತ ಮೈಮೊನಿಡೀಸ್ ಬರೆದಿದ್ದಾರೆ. ನನಗೆ ಮೊದಲು ಇದು ಅತಿಯಾಯಿತು ಅನ್ನಿಸಿತ್ತು. ಎಂಟು ವರ್ಷ ಆ ಮೇಜಿನ ಹತ್ತಿರ ಕೂತ ಮೇಲೆ ಹಾಗನ್ನಿಸುವುದಿಲ್ಲ. ಟಿವಿ ಇಲ್ಲ, ಫೋನ್ ಇಲ್ಲ. ವಾರವಿಡೀ ಮಾತು ಬಿಟ್ಟಿದ್ದ ಮಗ ಸೊಸೆ ಕೂಡ ಆ ಬೆಳಕಿನಲ್ಲಿ ಉಪ್ಪು ಕೇಳಲಿಕ್ಕಾದರೂ ಬಾಯಿ ಬಿಡಬೇಕಾಗುತ್ತಿತ್ತು.

ಅಂದ ಹಾಗೆ, ನಮ್ಮ ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಹಿಂದೆ ಗಾಣದವರಾಗಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅಕ್ಕಪಕ್ಕದವರು ಅವರನ್ನು ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದೇ ಕರೆಯುತ್ತಿದ್ದರು. ಅದು ಇನ್ನೊಂದು ಪತ್ರದಷ್ಟು ಕಥೆ.

ಕೊನೆಯ ಎರಡು ವರ್ಷ ಸವ್ತಾ ಕೈ ನಡುಗುತ್ತಿತ್ತು. ಅವರ ಬದಲು ನಾನು ಹಚ್ಚುವಂತಿಲ್ಲ, ಅದು ಅವರೇ ಮಾಡಬೇಕಾದ ಕೆಲಸ. ನಾನು ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದೆ, ಅಷ್ಟೇ.

ಮುಂದಿನ ಸಲ ‘ಶಬ್ಬಾತ್ ದೀಪ ಹಚ್ಚಿದ ಅಜ್ಜಿ’ ಎಂದು ಹಾಕಿದರೆ ಸಾಕು. ನಿಮ್ಮ ಚಿತ್ರದಲ್ಲಿ ಎಡಗಡೆ, ತಟ್ಟೆಯ ಅಂಚಿನಲ್ಲಿ, ಒಂದು ಕಡ್ಡಿ ಇನ್ನೂ ಉರಿಯುತ್ತಿದೆ ನೋಡಿ.

– ಓದುಗಳೊಬ್ಬಳು, ಮೂಡುಬಿದಿರೆ