ಎರಡನೇ ಹೆಸರು ನಿನ್ನದು

ಪ್ರೀತಿಯ ಗೆಳೆಯ,

ಹೋದ ವಾರ ಫೋನಿನಲ್ಲಿ "ಒಂದು ಕಾಗದಕ್ಕೆ ನಿನ್ನ ಹೆಸರು ಬೇಕು" ಅಂದಾಗ ನೀನು ಬ್ಯಾಂಕ್ ಸಾಲದ ಜಾಮೀನು ಅಂದುಕೊಂಡು ತಡವರಿಸಿದೆಯಲ್ಲ, ನಗು ಬಂತು. ಸಾಲ ಅಲ್ಲ ಕಣಯ್ಯಾ. ನಾನು ಲಿವಿಂಗ್ ವಿಲ್ ಬರೆಸುತ್ತಿದ್ದೇನೆ, ಅಂದರೆ ಮುಂದೆ ನನಗೆ ಹೇಳೋಕೆ ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಈಗಲೇ ಬರೆದಿಡುವ ಕಾಗದ. ಫೋನಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮ ವಯಸ್ಸಿನ ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಅಪ್ಪನ ಕೊನೆಯ ದಿನಗಳಲ್ಲಿ ನೀನು ಊರಲ್ಲಿರಲಿಲ್ಲ. ತಿಥಿಗೆ ಬಂದಿದ್ದೆ ಅಷ್ಟೆ. ನಡೆದದ್ದನ್ನು ನಿನಗೆ ಪೂರ್ತಿ ಹೇಳಿಲ್ಲ.

ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾದ ದಿನ ನಾವು ಮಕ್ಕಳು ಆಸ್ಪತ್ರೆಯ ಕ್ಯಾಂಟೀನಲ್ಲಿ ಕೂತು ಮೊದಲು ತೀರ್ಮಾನ ಮಾಡಿದ್ದು ಏನು ಗೊತ್ತಾ? ಅಪ್ಪನಿಗೆ ಹೇಳಬಾರದು. ಎದೆಯೊಳಗೆ ಹುಣ್ಣಾಗಿದೆ ಅಂತ ಹೇಳಿದೆವು. ಡಾಕ್ಟರಿಗೂ ಹಾಗೇ ಹೇಳಿ ಅಂತ ಕೇಳಿಕೊಂಡೆವು, ಅವರೂ ಒಪ್ಪಿದರು. ಹದಿನೈದು ದಿನ ಬಿಟ್ಟು ಅಪ್ಪ ಮಂಚದ ಪಕ್ಕ ಸಾಲಾಗಿ ನಿಂತಿದ್ದ ಡಬ್ಬಿಗಳನ್ನು ನೋಡಿ ಕೇಳಿದ: "ಹುಣ್ಣಿಗೆ ಇಷ್ಟೊಂದು ಜನ ಹಾರ್ಲಿಕ್ಸ್ ತತ್ತಾರೇನ್ಲಾ?" ನಾನು ಏನೋ ಹೇಳಿ ಮಾತು ಮರೆಸಿದೆ. ಅಪ್ಪ ಮತ್ತೆ ಕೇಳಲಿಲ್ಲ. ವಿ.ಸಿ. ನಾಲೆಗೆ ನೀರು ಬಿಟ್ಟರೆ ಯಾವ ಗದ್ದೆಗೆ ಮೊದಲು ತಿರುಗಿಸಬೇಕು ಅಂತ ಎಂಬತ್ತನೇ ವಯಸ್ಸಿನಲ್ಲೂ ಅವನನ್ನೇ ಕೇಳುತ್ತಿದ್ದೆವು. ಅವನ ಮೈ ವಿಷಯ ಮಾತ್ರ ಅವನನ್ನು ಬಿಟ್ಟು ಮಿಕ್ಕವರೆಲ್ಲ ಮಾತಾಡಿದೆವು.

ಉಸಿರು ಕಟ್ಟಿದ ರಾತ್ರಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆತಂದೆವು. ವೆಂಟಿಲೇಟರ್ ಹಾಕಬೇಕು, ಸಹಿ ಮಾಡಿ ಅಂದರು. ಹಾಕಿದರೆ ಏನಾಗುತ್ತೆ, ಹಾಕದಿದ್ದರೆ ಏನಾಗುತ್ತೆ ಅಂತ ಕೇಳುವಷ್ಟು ಬುದ್ಧಿ ಆ ಹೊತ್ತಲ್ಲಿ ಯಾರಿಗಿರುತ್ತೆ? ಸಹಿ ಮಾಡಿದೆ. ಹನ್ನೊಂದು ದಿನ. ದಿನಕ್ಕೆ ಐದು ನಿಮಿಷ ಒಳಗೆ ಬಿಡೋರು. ಪೈಪು ಕಿತ್ತುಕೊಳ್ಳುತ್ತಾನೆ ಅಂತ ಅಪ್ಪನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ದರು. ಎಡಗೈ ಹೆಬ್ಬೆರಳ ಬುಡದಲ್ಲಿ ಕಬ್ಬು ಕಡಿಯುವಾಗ ಮಚ್ಚು ತಾಗಿದ ಹಳೇ ಗುರುತಿತ್ತು. ಬಟ್ಟೆ ಸರಿಯಾಗಿ ಅದರ ಮೇಲೇ ಬಂದಿತ್ತು. ಒಂದು ದಿನ ನನ್ನ ಅಂಗೈ ಮೇಲೆ ಬೆರಳಿನಿಂದ 'ಊ' ಅಂತ ಬರೆದ. ಊಟ ಕೇಳುತ್ತಿದ್ದಾನೆ ಅಂತ ನರ್ಸಮ್ಮನಿಗೆ ಹೇಳಿದೆ. ಮೂಗಿನ ಪೈಪಲ್ಲಿ ಹಾಕ್ತಿದ್ದೀವಿ ಸರ್ ಅಂದರು.

ನಿಲ್ಲಿಸೋಣ ಅಂತ ನನಗೆ ಐದನೇ ದಿನವೇ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ದುಡ್ಡು ಉಳಿಸೋಕೆ ಅಪ್ಪನ್ನ ಕೊಂದ ಅಂತ ಊರವರು ಆಡಿಕೊಳ್ಳುತ್ತಾರೆ ಅನ್ನೋ ಭಯ. ಆಮೇಲೆ ತಿಳಿಯಿತು, ತಂಗಿಗೂ ಚಿಕ್ಕಪ್ಪನಿಗೂ ಅದೇ ಭಯವಂತೆ! ಕೊನೆಗೆ ಡಾಕ್ಟರೇ ಮೂಲೆಗೆ ಕರೆದು "ಇನ್ನೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿಬಿಡಿ" ಅಂದರು. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಮಾತ್ರ 'ವೈದ್ಯರ ಸಲಹೆಗೆ ವಿರುದ್ಧವಾಗಿ' ಅಂತಿತ್ತು. ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಕೇಸು ಬಿದ್ದರೆ ಅನ್ನೋ ಹೆದರಿಕೆ ಅವರಿಗೂ ಇತ್ತಲ್ಲ. ಹೀಗೆ ಸುಳ್ಳು ಕಾಗದಕ್ಕೆ ಸಹಿ ಹಾಕಿ ಎಷ್ಟು ಜನ ತಮ್ಮವರನ್ನು ಮನೆಗೆ ಕರೆದೊಯ್ದಿದ್ದಾರೋ.

ಆಂಬುಲೆನ್ಸಲ್ಲಿ ಬಾವನ ಕೈಗೆ ಆಂಬು ಬ್ಯಾಗ್ ಕೊಟ್ಟರು, ಕೈಯಲ್ಲಿ ಒತ್ತಿ ಉಸಿರು ತುಂಬುವ ಚೀಲ ಅದು. "ನೀವು ಉಸಿರು ಎಳ್ಕೊಂಡಾಗೆಲ್ಲ ಒಂದ್ಸಲ ಒತ್ತಿ" ಅಂದ ಹುಡುಗ. ಬಾವ ಪಾಪ, ತನ್ನ ಉಸಿರನ್ನೇ ಲೆಕ್ಕ ಹಾಕುತ್ತಾ ಒತ್ತಿದ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ನನಗೆ ಹೊಳೆಯಿತು, ಅಪ್ಪ ಬರೆದದ್ದು ಊಟ ಅಂತ ಅಲ್ಲದೆ ಇರಬಹುದು. ನಡುಮನೆಯಲ್ಲಿ ಚಾಪೆ ಹಾಸಿದ್ದರು. ಪೈಪು ತೆಗೆದು, ತುಳಸಿ ನೀರು ಬಿಟ್ಟೆವು. ಅರ್ಧ ಗಂಟೆ ಇದ್ದ.

ಇನ್ನು ಕಾನೂನು. ಬೇಗ ಹೇಳಿಬಿಡುತ್ತೇನೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಹೇಳಿ ಲಿವಿಂಗ್ ವಿಲ್ ಒಪ್ಪಿಕೊಂಡಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಸಡಿಲ ಮಾಡಿದರು: ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಮ್ಮ ರಾಜ್ಯ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಅದರ ಹಿಂದೆ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಎರಡು ದಶಕಕ್ಕೂ ಮೀರಿದ ಓಡಾಟ ಇದೆ. ಸೂಜಿ ಚುಚ್ಚಿ ಸಾಯಿಸುವುದು ಈಗಲೂ ಅಪರಾಧವೇ. ವಾಸಿಯಾಗುವ ದಾರಿ ಇಲ್ಲದಾಗ ಯಂತ್ರದ ಚಿಕಿತ್ಸೆ ನಿಲ್ಲಿಸಬಹುದು, ಅಷ್ಟೆ. ನೋವು ಕಳೆಯುವ ಔಷಧಿ, ಆರೈಕೆ ನಿಲ್ಲಿಸುವಂತಿಲ್ಲ.

ನೀನು ಕೇಳೋದು ಗೊತ್ತು: ಆಸ್ತಿಗೆ ಕಾದು ಕೂತ ಮಕ್ಕಳಿದ್ದರೆ? ನ್ಯಾಯವಾದ ಪ್ರಶ್ನೆ. ಪಹಣಿಯಲ್ಲಿ ಹೆಸರು ಬದಲಾಯಿಸೋಕೆ ಜನ ಏನೇನು ಮಾಡುತ್ತಾರೆ ಅಂತ ಮಂಡ್ಯದಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾ? ಅದಕ್ಕೇ ಮನೆಯವರ ಮಾತೊಂದರಿಂದಲೇ ಏನೂ ಆಗಲ್ಲ. ಆಸ್ಪತ್ರೆಯ ಮೂವರು ಡಾಕ್ಟರು ನೋಡಬೇಕು. ಆಮೇಲೆ ಬೇರೆ ಮೂವರು, ಅದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಎರಡೂ ಕಡೆ ಒಪ್ಪಿದ ಮೇಲೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಆದರೂ ಎಲ್ಲ ಅನುಮಾನ ಹೋಗಿದೆ ಅಂತ ಹೇಳಲಾರೆ. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ನೆನಪಿರಬೇಕಲ್ವಾ? ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲಿನ ಕೆಲಸಗಾರನೊಬ್ಬ ಹಲ್ಲೆ ಮಾಡಿದ ಮೇಲೆ 2015ರಲ್ಲಿ ತೀರಿಕೊಳ್ಳುವ ತನಕ ಸರಿಯಾದ ಪ್ರಜ್ಞೆ ಇಲ್ಲದೆ ಹಾಸಿಗೆಯಲ್ಲೇ ಇದ್ದರು. ಅವರಿಗೆ ಊಟ ನಿಲ್ಲಿಸಲು ಬಿಡಿ ಅಂತ ಲೇಖಕಿ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಅರುಣಾರನ್ನು ನೋಡಿಕೊಳ್ಳುತ್ತಿದ್ದ ನರ್ಸುಗಳು ಅದಕ್ಕೆ ಒಪ್ಪಲೇ ಇಲ್ಲ. 2011ರಲ್ಲಿ ಕೋರ್ಟು ನರ್ಸುಗಳ ಮಾತೇ ಕೇಳಿತು. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇರಲಿಲ್ಲವಂತೆ. ಇದನ್ನು ಓದಿದಾಗೆಲ್ಲ ನನ್ನ ವಾದ ಸಡಿಲವಾಗುತ್ತೆ. ಅರುಣಾಗೆ ಏನು ಬೇಕಿತ್ತು ಅಂತ ಅವರನ್ನೇ ಕೇಳುವ ದಾರಿ ಮಾತ್ರ ಯಾರಿಗೂ ಇರಲಿಲ್ಲ.

ನನ್ನ ಮಾತು ಇಷ್ಟೇ: ಬಾಯಿ ಇರುವಾಗ ಕೇಳಿಸಿಕೊಳ್ಳಿ. ವೆಂಟಿಲೇಟರ್ ಬೇಕು, ಕೊನೇ ತನಕ ಹೋರಾಡಿ ಅಂತ ಬರೆಯುವವರು ಹಾಗೇ ಬರೆಯಲಿ. ಅಪ್ಪನೂ ಅದನ್ನೇ ಹೇಳುತ್ತಿದ್ದನೇನೋ, ಯಾರಿಗೆ ಗೊತ್ತು?

ಕಾಗದದಲ್ಲಿ ನನ್ನ ಪರವಾಗಿ ಮಾತಾಡಲು ಎರಡು ಹೆಸರು ಬರೆಯಬೇಕು. ಮೊದಲನೆಯದು ನನ್ನ ಹೆಂಡತಿಯದು. ಮಗಳ ಹೆಸರು ಹಾಕಲಿಲ್ಲ. ಅವಳು ನನ್ನ ಹಾಗೇ, ಊರ ಬಾಯಿಗೆ ಹೆದರುತ್ತಾಳೆ. ನೀನು ಹೆದರಲ್ಲ. ಹಾಸ್ಟೆಲಲ್ಲಿ ಮುದ್ದೆಯೊಳಗೆ ಹುಳ ಸಿಕ್ಕಾಗ ತಟ್ಟೆ ಎತ್ತಿಕೊಂಡು ಸೀದಾ ವಾರ್ಡನ್ ಮನೆಗೆ ಹೋದವನು ನೀನೊಬ್ಬನೇ.

ಬರುವ ಶನಿವಾರ ಬೆಳಗ್ಗೆ ಹತ್ತಕ್ಕೆ ಮನೆಗೆ ಬಾ, ಆಧಾರ್ ಜೆರಾಕ್ಸ್ ತಾ. ನೋಟರಿ ಹತ್ತಿರ ಹೋಗುವ ಮುಂಚೆ ಕಾಗದವನ್ನು ಪೂರ್ತಿ ಓದು. ಒಂದು ಸಾಲಿಗೆ ನನ್ನವಳು ಪೆನ್ಸಿಲಲ್ಲಿ ಅಡ್ಡಗೆರೆ ಎಳೆದಿದ್ದಾಳೆ. ಮೂಗಿನ ಪೈಪಿನ ಊಟವೂ ಬೇಡ ಅನ್ನೋ ಸಾಲು. "ಮಿಕ್ಕಿದ್ದಕ್ಕೆಲ್ಲ ಹೂಂ ಅಂತೀನಿ, ಅನ್ನ ನಿಲ್ಸಿ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ" ಅಂದಳು. ನಾನಿನ್ನೂ ಆ ಗೆರೆ ಅಳಿಸಿಲ್ಲ, ಸಾಲನ್ನೂ ತೆಗೆದಿಲ್ಲ. ನೀನು ಬಾ, ಮೂವರೂ ಕೂತು ನೋಡೋಣ.

ನಿನ್ನ,
ಹಾಸ್ಟೆಲ್ ರೂಮಿನ ಗೆಳೆಯ
ಮೈಸೂರು